ಮೊದಲು ಮಾತು ಕೇಳಿಸಲಿ: ಮನೆಯಲ್ಲೇ ಹಾಡು ಕಟ್ಟುವವರಿಗೆ

ಎಲ್ಲರಿಗೂ ನಮಸ್ಕಾರ.

ಈ ಉಪನ್ಯಾಸಕ್ಕೆ ಒಪ್ಪಿಕೊಂಡ ಮೇಲೆ ಸಂಘದವರು ನನಗೆ 14 ಹಾಡು ಕಳಿಸಿಕೊಟ್ಟರು. ಎಲ್ಲವೂ ಇಲ್ಲಿ ಕೂತಿರುವ ಹುಡುಗ ಹುಡುಗಿಯರು ತಾವೇ ಬರೆದು, ತಾವೇ ರಾಗ ಹಾಕಿ, ತಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದ್ದು. ನಾನು ಒಂದು ನೋಟ್‌ಬುಕ್ ಹಿಡಿದು ಕೂತೆ. ಕೇಳಿದ ಹಾಗೆ ಪ್ರತಿ ಹಾಡಿನ ಪಲ್ಲವಿಯನ್ನು ಬರೆದುಕೊಳ್ಳೋಣ ಅಂತ. ಒಂಬತ್ತು ಹಾಡುಗಳ ಪಲ್ಲವಿ ನನಗೆ ಪೂರ್ತಿ ಬರೆಯಲಾಗಲಿಲ್ಲ. ರಾಗ ಸೊಗಸಾಗಿದೆ, ಕಂಠ ಸೊಗಸಾಗಿದೆ, ಗಿಟಾರ್ ಮಿಂಚುತ್ತಿದೆ. ಮಾತು ಕೇಳಿಸುತ್ತಿಲ್ಲ. ಕಷ್ಟಪಟ್ಟು ಬರೆದ ಸಾಲು ಕೇಳುವವನ ಕಿವಿಗೆ ಮುಟ್ಟದೆ ಹೋಗುತ್ತಲ್ಲ, ಆ ಸಂಕಟ ಹೊತ್ತುಕೊಂಡೇ ಇವತ್ತು ಬಂದಿದ್ದೇನೆ.

ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇಂಥವರನ್ನು ಕೇಳಿ ಬೆಳೆದ ಕಿವಿ ನಮ್ಮದು. ಅವರು ಹಾಡಿದರೆ ಕವಿತೆ ಓದದವರಿಗೂ ಕವಿತೆ ಬಾಯಿಪಾಠ ಆಗುತ್ತಿತ್ತು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹಾಡು ಮಾಡುವ ನಾವು ಆ ಒಂದು ಗುಣವನ್ನು ಬಿಟ್ಟುಕೊಡಬಾರದು. ರಾಗ ಹಾಕುವುದರಿಂದ ಹಿಡಿದು, ದನಿ ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮುಗಿಯುವ ತನಕ ನಾನು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ: ಮಾತು ಕೇಳಿಸುತ್ತಿದೆಯೆ?

ರಾಗದಿಂದ ಶುರು ಮಾಡೋಣ. ನಿಮ್ಮ ಹಾಡೊಂದರಲ್ಲಿ ‘ಬೆಳೆ ಬಂತು’ ಅಂತ ಬರುತ್ತದೆ. ‘ಬೆ’ ಮೇಲೆ ನಾಲ್ಕು ಸ್ವರ ಎಳೆದಿದ್ದಾರೆ. ಎಳೆದ ಕೂಡಲೇ ಹೊಲದ ಬೆಳೆ ಅಡುಗೆಮನೆಯ ಬೇಳೆ ಆಗಿಬಿಟ್ಟಿತು! ನಗಬೇಡಿ, ಎಲ್ಲರಿಗೂ ಆಗುವುದೇ. ಮರ ಎಳೆದರೆ ಮಾರ, ಕಡು ಎಳೆದರೆ ಕಾಡು. ಕನ್ನಡದಲ್ಲಿ ಹ್ರಸ್ವ ದೀರ್ಘ ಅನ್ನುವುದು ಅರ್ಥದ ಪ್ರಶ್ನೆ. ಎಳೆಯುವುದಿದ್ದರೆ ದೀರ್ಘಾಕ್ಷರದ ಮೇಲೆ ಎಳೆಯಿರಿ, ಇಲ್ಲವೇ ಪದದ ಕೊನೆಗೆ ಬಂದು ಎಳೆಯಿರಿ. ‘ಬೆಳೆ’ಯಲ್ಲಿ ‘ಳೆ’ ಎಷ್ಟು ಎಳೆದರೂ ಬೆಳೆ ಬೆಳೆಯಾಗಿಯೇ ಉಳಿಯುತ್ತದೆ.

ತಾಳವೂ ಹಾಗೆಯೇ, ಸಾಲಿನ ಒಳಗೇ ಕೂತಿರುತ್ತದೆ. ಭಾಮಿನಿ ಷಟ್ಪದಿಯ ನಡೆ ಮೂರು ನಾಲ್ಕು, ಮೂರು ನಾಲ್ಕು. ಏಳು ಮಾತ್ರೆ. ಅದನ್ನು ಬಾಯಿಬಿಟ್ಟು ಓದುತ್ತಾ ಹೋದರೆ ಕೈ ತಾನಾಗಿಯೇ ಮಿಶ್ರಛಾಪು ಹಾಕುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದ ತಕ್ಷಣ ಅದು ನಾಲ್ಕು ನಾಲ್ಕರ ಎಣಿಕೆ ಹಾಕಿಟ್ಟಿರುತ್ತದೆ. ಐದು ಮಾತ್ರೆಯ ಸಾಲನ್ನು ಅದರೊಳಗೆ ತುರುಕಿದರೆ ಎಲ್ಲೋ ಒಂದು ಹ್ರಸ್ವ ಉದ್ದವಾಗಲೇಬೇಕು, ಮತ್ತೆ ಬೇಳೆ. ಆದ್ದರಿಂದ ಗಿಟಾರ್ ಮುಟ್ಟುವ ಮೊದಲು ಸಾಲನ್ನು ಹತ್ತು ಸಲ ಗಟ್ಟಿಯಾಗಿ ಓದಿ ಫೋನಿನಲ್ಲಿ ಹಿಡಿದಿಡಿ. ರಾಗದ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಇನ್ನು ರೆಕಾರ್ಡಿಂಗ್. ಇಲ್ಲಿ ನಮ್ಮ ದೊಡ್ಡಮ್ಮನ ವಿಷಯ ಹೇಳಲೇಬೇಕು. ನನ್ನ ಮಗಳು ಹಿತ್ತಲಿನ ಬಾವಿಯ ಮೇಲೆ ಒಂದು ಹಾಡು ಬರೆದಳು. ಬಾವಿ ತೋಡಿಸಿದ ಕಾಲವನ್ನು ಕಣ್ಣಾರೆ ಕಂಡವರೇ ಹಾಡಬೇಕು ಅಂತ ಹಟ. ಹಾಗಾಗಿ ದೊಡ್ಡಮ್ಮ. ಆಗ ಅವರಿಗೆ 74. ಹಸೆ ಹಾಡು, ಆರತಿ ಹಾಡು ಹೇಳಿದ ಗಂಟಲು. ಮೈಕಿನ ಮುಂದೆ ನಿಂತದ್ದು ಅದೇ ಮೊದಲು.

ಹಾಲ್‌ನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದೆವು. ಸಿಮೆಂಟಿನ ಗೋಡೆ, ಕಾವಿಯ ನೆಲ. ಚಪ್ಪಾಳೆಗೆ ಬಾಲ ಬೆಳೆದು ಝಣ್ ಅಂತ ಉಳಿಯಿತು. ಹಾಸಿಗೆ ಕಂಬಳಿ ಪೇರಿಸಿಟ್ಟ ಕೋಣೆಯಲ್ಲಿ ತಟ್ಟಿದರೆ ಬರೀ ಟಪ್. ಅದೇ ಸರಿ ಅಂದೆವು. ದೊಡ್ಡಮ್ಮನ ಬೆನ್ನ ಹಿಂದೆ ಒಂದು ದಪ್ಪ ಕಂಬಳಿ ಕಟ್ಟಿದೆವು. ಹೆಚ್ಚಿನವರು ಕಂಬಳಿಯನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಹಾಡುವವರ ಮೈಕು ಸಾಮಾನ್ಯವಾಗಿ ತನ್ನ ಎದುರಿನದನ್ನು ಹೆಚ್ಚು ಹಿಡಿಯುತ್ತದೆ, ಅದರ ಎದುರಿಗಿರುವುದು ಹಾಡುವವರ ಬೆನ್ನ ಹಿಂದಿನ ಗೋಡೆ. ಕಂಬಳಿ ಅಲ್ಲಿ ಬೇಕು. ಫ್ಯಾನ್ ಆರಿಸಿದೆವು, ಫ್ರಿಜ್ ಆರಿಸಿ ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಟ್ಟೆವು. ಹೊರಗೆ ಹೋಗುವಾಗ ಕೀಲಿ ಹುಡುಕಲೇಬೇಕಲ್ಲ, ಆಗ ಫ್ರಿಜ್ ಹಾಕುವುದು ನೆನಪಾಗುತ್ತದೆ.

ತಂಬೂರಿಯ ಶ್ರುತಿಯನ್ನು ಐದನೇ ಮನೆಗೆ ಇಟ್ಟೆವು. ದೊಡ್ಡಮ್ಮ ಅದಕ್ಕಿಂತ ಮೇಲೆ ಹೋದರು. ಐದೂವರೆಗೆ ಇಟ್ಟೆವು, ಕೆಳಗೆ ಉಳಿದರು. ಹೆಡ್‌ಫೋನ್ ಹಾಕಿದರೆ ಎರಡು ಸಾಲಿಗೆ ನಿಲ್ಲಿಸಿ ಮಗಳನ್ನು ಕೇಳಿದರು: “ಯಾರೇ ಅದು, ನನ್ನ ಹಿಂದೆ ಹಿಂದೆಯೇ ಹಾಡ್ತಾ ಇರೋದು?” ಎಷ್ಟು ಸೂಕ್ಷ್ಮ ಕಿವಿ ನೋಡಿ. ಕಂಪ್ಯೂಟರ್ ದನಿಯನ್ನು ಸಣ್ಣ ಸಣ್ಣ ಸ್ಯಾಂಪಲ್ ಮಾಡಿ, ಒಂದಷ್ಟು ಕೂಡಿಟ್ಟು ಕಳಿಸುತ್ತದೆ. ಆ ಬಫರ್ 1024 ಸ್ಯಾಂಪಲ್‌ಗೆ ಇತ್ತು. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಒಳಗೆ ಹೋಗಲು 21 ಮಿಲಿಸೆಕೆಂಡ್, ಹೊರಗೆ ಬರಲು ಇನ್ನೊಂದು 21. ತನ್ನದೇ ದನಿ 14 ಮೀಟರ್ ಆಚೆಯಿಂದ ಬಂದ ಹಾಗೆ. 128ಕ್ಕೆ ಇಳಿಸಿದರೆ ಒಂದೊಂದು ಕಡೆ ಮೂರು ಮಿಲಿಸೆಕೆಂಡೂ ಆಗುವುದಿಲ್ಲ. ಇಳಿಸಿದೆವು. ಆದರೂ ಕಿವಿ ಮುಚ್ಚಿಕೊಂಡು ಹಾಡುವುದು ಅವರಿಗೆ ಒಗ್ಗಲಿಲ್ಲ.

ಆಗ ಮಗಳು ಹೇಳಿದಳು, “ಎಲ್ಲಾ ತೆಗೆದುಬಿಡೋಣ. ದೊಡ್ಡಜ್ಜಿ, ನೀವು ಸುಮ್ಮನೆ ಹಾಡಿ.” ತಂಬೂರಿ ಇಲ್ಲ, ಲಯ ಎಣಿಸುವ ಟಿಕ್ ಟಿಕ್ ಇಲ್ಲ, ಹೆಡ್‌ಫೋನ್ ಇಲ್ಲ. ದೊಡ್ಡಮ್ಮ ಮಣೆಯ ಮೇಲೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಾ ಶುರು ಮಾಡಿದರು. ಏನು ಹಾಡಿಕೆ ಅಂತೀರಿ! ಪ್ರತಿ ತಾಳಕ್ಕೂ ಗಾಜಿನ ಬಳೆ ಘಲ್ ಅನ್ನುತ್ತಿದೆ. ಮುತ್ತೈದೆಗೆ ಬಳೆ ತೆಗೆಯಿರಿ ಅಂತ ಯಾವ ಬಾಯಲ್ಲಿ ಹೇಳುವುದು? ನಾವು ಮುಖ ಮುಖ ನೋಡಿಕೊಂಡೆವು. ಅತ್ತಿಗೆ ಏನೂ ಮಾತಾಡದೆ ಒಳಗೆ ಹೋಗಿ ಹಳೆಯ ಮಲ್ ಪಂಚೆಯ ಒಂದು ತುಂಡು ತಂದರು. ಬಳೆಗಳನ್ನೆಲ್ಲ ಮೇಲೆ ಸರಿಸಿ, ಬಾಣಂತಿಗೆ ಕಟ್ಟುವಷ್ಟು ಮೆತ್ತಗೆ ಸುತ್ತಿ, ತುದಿ ಸಿಕ್ಕಿಸಿದರು. ತೊಡೆಯ ಮೇಲೆ ಒಂದು ದಿಂಬು. ಸದ್ದು ನಿಂತಿತು. ಯಾವ ಸ್ಟುಡಿಯೋದಲ್ಲೂ ಕಲಿಸದ ವಿದ್ಯೆ ಅದು.

ಹಾಡು ಮುಗಿದ ಮೇಲೆ ಅಳೆದು ನೋಡಿದೆವು. ಒಂದು ಅರ್ಧ ಮನೆಗೆ 100 ಸೆಂಟ್ ಅಂತ ಲೆಕ್ಕ. ದೊಡ್ಡಮ್ಮ ಐದಕ್ಕಿಂತ 40 ಸೆಂಟ್ ಮೇಲೆ, ಮೊದಲಿನಿಂದ ಕೊನೆಯ ತನಕ ಅಲ್ಲೇ ನಿಂತಿದ್ದಾರೆ. ದನಿಯನ್ನು ಐದಕ್ಕೆ ಎಳೆದು ಕೂರಿಸುವ ಸಾಧನ ಕಂಪ್ಯೂಟರಿನಲ್ಲಿ ಇದೆ. ನಾವು ಅದನ್ನು ಮುಟ್ಟಲಿಲ್ಲ. ಕೀಬೋರ್ಡಿನ ಶ್ರುತಿ 440 ಹರ್ಟ್ಸ್ ಇದ್ದದ್ದನ್ನು 450ಕ್ಕೆ ಏರಿಸಿದೆವು, ತಂಬೂರಿಯನ್ನೂ ಅಷ್ಟೇ ಏರಿಸಿದೆವು. ಲಯವನ್ನೂ ಅವರದೇ ತಾಳ ನೋಡಿ ಗುರುತು ಹಾಕುತ್ತಾ ಸಾಫ್ಟ್‌ವೇರನ್ನು ಹಿಂದೆ ನಡೆಸಿದೆವು. ವಾದ್ಯ ಹಾಡುಗಾರ್ತಿಯ ಹತ್ತಿರಕ್ಕೆ ಬರಬೇಕು. ಹಾಗೆ ಬಂದದ್ದರಿಂದ ಅವರ ಮಾತು ಒಂದಕ್ಷರವೂ ಕದಲಲಿಲ್ಲ.

ದೊಡ್ಡಮ್ಮನ ವಿಷಯಕ್ಕೇ ಇಷ್ಟು ಹೊತ್ತಾಯಿತು. ಇರಲಿ, ಅದರೊಳಗೇ ಬಹಳ ಇದೆ.

ಯಾವ ಮೈಕ್ ಅಂತ ಕೇಳಿದ್ದೀರಿ. ಕೋಣೆ ಗದ್ದಲದ್ದಾದರೆ ಡೈನಮಿಕ್ ಮೈಕ್ ಹಿಡಿದು ಹತ್ತಿರ ನಿಂತು ಹಾಡಿ. ಕೋಣೆ ಮೆತ್ತಗಿದ್ದರೆ ಸೂಕ್ಷ್ಮ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ತನ್ನಿ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಲ್ಲಿ ಅದಕ್ಕೆ ವಿದ್ಯುತ್ ಕೊಡುವ 48 ವೋಲ್ಟ್ ಗುಂಡಿ ಒತ್ತುವುದು ಮರೆಯಬೇಡಿ, ಒಂದು ಗೇಣು ದೂರ ಸಾಕು. ಪ, ಫ, ಭ ಬಂದಾಗ ಬಾಯಿಂದ ಗಾಳಿ ಹೊಡೆಯುತ್ತದೆ, ಅದಕ್ಕೆ ಜಾಲರಿ ಇಟ್ಟು ಮೈಕನ್ನು ತುಸು ಓರೆ ಮಾಡಿ. ಗಾಳಿಗೆ ಹೆದರಿ ಮಹಾಪ್ರಾಣ ನುಂಗಬೇಡಿ. ಸಾಫ್ಟ್‌ವೇರಿನಲ್ಲಿ 24 ಬಿಟ್ ಆಯ್ಕೆ ಮಾಡಿ ಹಿಡಿಯಿರಿ, ಅತಿ ಗಟ್ಟಿ ಸ್ವರವೂ ಮೈನಸ್ 10 ಡೆಸಿಬೆಲ್ ಸುತ್ತಮುತ್ತ ನಿಲ್ಲಲಿ. ಮೀಟರಿನಲ್ಲಿ ಕೆಂಪು ಮುಟ್ಟಿ ಒಡೆದ ಅಕ್ಷರವನ್ನು ಮತ್ತೆ ಹಾಡಿಸುವುದೇ ಲೇಸು.

ಸ್ಟುಡಿಯೋ ಇಲ್ಲ ಅಂತ ಕೊರಗುವವರಿಗೆ ಒಂದು ಮಾತು. 1979ರಲ್ಲಿ ಟ್ಯಾಸ್ಕಾಮ್ ಕಂಪನಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್, ಅಂದರೆ ನಾಲ್ಕು ದನಿಯನ್ನು ಬೇರೆ ಬೇರೆಯಾಗಿ ಹಿಡಿಯುವ ಪೆಟ್ಟಿಗೆ ತಂದಿತು. ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ನ್ಯೂಜೆರ್ಸಿಯ ತನ್ನ ಮನೆಯಲ್ಲಿ ಅಂಥ ಪೆಟ್ಟಿಗೆ ಇಟ್ಟುಕೊಂಡು ಹಾಡಿದ. ಬ್ಯಾಂಡಿಗೆ ತೋರಿಸಲು ಮಾಡಿದ ಮಾದರಿ ಅದು. ಕೊನೆಗೆ ಆ ಕ್ಯಾಸೆಟ್ಟೇ ಆಲ್ಬಮ್ ಆಗಿ ಬಂತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕಿಗೆ ಬರವೇ ಇಲ್ಲ.

ಮಿಕ್ಸಿಂಗ್. ಇಲ್ಲಿ ನನ್ನ ಜಗಳ ರಿವರ್ಬ್ ಜೊತೆ, ಅಂದರೆ ದನಿಗೆ ಸೇರಿಸುವ ಮಾರ್ದನಿಯ ಜೊತೆ. ‘ಕತ್ತೆ’ ಅಂತ ನಿಧಾನವಾಗಿ ಹೇಳಿ ನೋಡಿ. ‘ತ್ತ’ದಲ್ಲಿ ನಾಲಿಗೆ ಹಲ್ಲಿಗೆ ಅಂಟಿ ಒಂದು ಕ್ಷಣ ಪೂರ್ತಿ ಮೌನ. ಆ ಮೌನವೇ ಒತ್ತಕ್ಷರ. ‘ಕತೆ’ಯಲ್ಲಿ ಆ ಮೌನ ಗಿಡ್ಡ. ರಿವರ್ಬ್ ಅತಿಯಾದರೆ ‘ಕ’ದ ಬಾಲ ಬಂದು ಆ ಮೌನವನ್ನು ತುಂಬಿಬಿಡುತ್ತದೆ. ಕತ್ತೆ ಕತೆಯಾಗುತ್ತದೆ, ಹತ್ತು, ಅಕ್ಕಿ, ಕಪ್ಪು ಎಲ್ಲವೂ ಮೆತ್ತಗಾಗುತ್ತವೆ. ನಾನು ಬರೆಯಲಾಗದ ಆ ಒಂಬತ್ತು ಪಲ್ಲವಿಗಳಲ್ಲಿ ಆರು ಹೋದದ್ದು ಇಲ್ಲೇ. ರಿವರ್ಬ್ ಏರಿಸುತ್ತಾ ಹೋಗಿ, ಒತ್ತಕ್ಷರ ಮಸುಕಾದ ಕಡೆ ನಿಲ್ಲಿ, ಅಲ್ಲಿಂದ ಹಿಂದೆ ಬನ್ನಿ.

ಇನ್ನುಳಿದ ಮೂರರಲ್ಲಿ ವಾದ್ಯ ದನಿಯ ಮೇಲೆ ಕೂತಿದೆ. ಳ ಮತ್ತು ಲ, ಣ ಮತ್ತು ನ ಬೇರೆಯಾಗಿ ಕೇಳಿಸಲು ಬೇಕಾದ ಸೂಕ್ಷ್ಮ 2,000, 3,000 ಹರ್ಟ್ಸ್ ಆಸುಪಾಸಿನಲ್ಲಿದೆ. ಗಿಟಾರ್ ಹೊಳೆಯುವುದೂ ಅಲ್ಲೇ. ಹಾಡುವಾಗ ಗಿಟಾರ್ ಅಲ್ಲಿ ಎರಡು ಮೂರು ಡೆಸಿಬೆಲ್ ತಗ್ಗಲಿ, ದನಿ ನಿಂತಾಗ ಬೇಕಾದಷ್ಟು ಹೊಳೆಯಲಿ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳುತ್ತೇನೆ. ಫೋನಿನ ಸ್ಪೀಕರಿನಲ್ಲಿ ಕೇಳಿ ನೋಡಿ, ಅದರಲ್ಲಿ ತೀರಾ ತಗ್ಗಿನ ಬೇಸ್ ಬರುವುದಿಲ್ಲ. ಸಣ್ಣ ದನಿಯಲ್ಲಿಟ್ಟು ಪಕ್ಕದ ಕೋಣೆಯಿಂದ ಕೇಳಿ. ಗಟ್ಟಿ ಮಾಡುವ ಪೈಪೋಟಿ ಬೇಡ, ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ತಾನಾಗಿಯೇ ಗಟ್ಟಿತನದ ಅಳತೆಯಲ್ಲಿ ಮೈನಸ್ 14 LUFSನ ಹತ್ತಿರಕ್ಕೆ ಇಳಿಸುತ್ತದೆ. ಬೇರೆಯವರ ಕವಿತೆಗೆ ರಾಗ ಹಾಕುವುದಾದರೆ ಕವಿ ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ಇರುತ್ತದೆ, ಕವಿಯ ಮನೆಯವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಕೆಲಸದ ಫೈಲನ್ನು ಎರಡು ಕಡೆ ಇಡಿ. ಮಿಕ್ಸಿಂಗ್ ಆದ ಮೇಲೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಬಗ್ಗೆ ಬರೆದುಕೊಂಡು ಬಂದದ್ದು ಇಲ್ಲೇ ಇದೆ, ಬೇಕಾದವರು ಊಟದ ಹೊತ್ತಿಗೆ ಸಿಗಿ.

ಈಗ ದೊಡ್ಡಮ್ಮನ ಹಾಡು ಹಾಕುತ್ತೇನೆ, ಮೂರೂವರೆ ನಿಮಿಷ. ಆ ಕಡೆಯ ಎರಡು ಫ್ಯಾನ್ ಆರಿಸ್ತೀರಾ? ಥ್ಯಾಂಕ್ಸ್. ನೋಟ್‌ಬುಕ್ ಇರುವವರು ತೆಗೆದು ಪಲ್ಲವಿ ಬರೆದುಕೊಳ್ಳಿ. ಹಿಂದಿನ ಸಾಲಿನಲ್ಲಿ ಯಾರಿಗಾದರೂ ಒಂದು ಅಕ್ಷರ ತಪ್ಪಿದರೂ ಅಲ್ಲೇ ಕೈ ಎತ್ತಿ, ಇವತ್ತು ರಾತ್ರಿಯೇ ಮನೆಗೆ ಹೋಗಿ ಆ ಅಕ್ಷರ ಸರಿ ಮಾಡುತ್ತೇನೆ.