ಧರ್ಮ ಯಾವ ತಿಂಗಳಲ್ಲಿ ಕೆಲಸ ಮಾಡಿತು?

ಕೇಳುಗರಿಗೆ ನಮಸ್ಕಾರ.

1978ರ ಡಿಸೆಂಬರ್. ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ ಬೀಗಲ್ ಎಂಬ ಕಡಲ ಕಾಲುವೆ ಇದೆ. ಅದರ ಪೂರ್ವದ ಬಾಯಲ್ಲಿ ಮೂರು ಪುಟ್ಟ ದ್ವೀಪಗಳು: ಪಿಕ್ಟನ್, ಲೆನಾಕ್ಸ್, ನ್ಯೂವಾ. ಅಲ್ಲಿ ಗಾಳಿ ಮತ್ತು ಚಳಿ ಬಿಟ್ಟರೆ ಹೆಚ್ಚೇನೂ ಇಲ್ಲ. ಆದರೆ ದ್ವೀಪ ಯಾರದೋ ಸುತ್ತಲಿನ ಕಡಲೂ ಅವರದೇ. ಅದಕ್ಕಾಗಿ ಚಿಲಿ ಮತ್ತು ಅರ್ಜೆಂಟೀನಾ ಯುದ್ಧದ ಬಾಗಿಲಿಗೆ ಬಂದು ನಿಂತಿದ್ದವು. ಎರಡೂ ಕಡೆ ಆಳುತ್ತಿದ್ದವರು ಸೇನಾಧಿಕಾರಿಗಳು. ಡಿಸೆಂಬರ್ 22ರ ಹೊತ್ತಿಗೆ ಅರ್ಜೆಂಟೀನಾದ ಹಡಗುಗಳು ಹೊರಟಾಗಿತ್ತು. ಕಡಲಲ್ಲಿ ಬಿರುಗಾಳಿ ಎದ್ದಿತ್ತು.

ಅದೇ ಹೊತ್ತಿನಲ್ಲಿ ರೋಮಿನಿಂದ ಎರಡೂ ರಾಜಧಾನಿಗಳಿಗೆ ಒಂದು ಸಂದೇಶ ಹೋಯಿತು. ಪೋಪ್ ಎರಡನೇ ಜಾನ್ ಪಾಲ್ ತಮ್ಮ ಸ್ವಂತ ದೂತನನ್ನು ಕಳಿಸುತ್ತಿದ್ದಾರೆ, ದಯವಿಟ್ಟು ಬರಮಾಡಿಕೊಳ್ಳಿ ಎಂದು. ಅವರು ಪೋಪ್ ಆಗಿ ಆಗ ಎರಡು ತಿಂಗಳಷ್ಟೇ ಆಗಿತ್ತು. ದೂತನಾಗಿ ಹೊರಟವರು ಕಾರ್ಡಿನಲ್ ಆಂಟೋನಿಯೊ ಸಮೋರೆ, ವಯಸ್ಸು 73. ಕ್ರಿಸ್‌ಮಸ್ ಕಳೆದ ಮರುದಿನವೇ ಅವರು ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಇಳಿದರು. ಅಲ್ಲಿಂದ ಚಿಲಿಯ ರಾಜಧಾನಿ ಸ್ಯಾಂಟಿಯಾಗೊ, ಮತ್ತೆ ಬ್ಯೂನಸ್ ಐರಿಸ್. ಹೀಗೆ ಆಂಡಿಸ್ ಪರ್ವತದ ಆಚೆಗೂ ಈಚೆಗೂ ಓಡಾಡಿದರು. 1979ರ ಜನವರಿ 8ರಂದು ಮಾಂಟೆವಿಡಿಯೊದಲ್ಲಿ ಎರಡೂ ದೇಶಗಳು ಸಹಿ ಹಾಕಿದವು. ಬಲ ಬಳಸುವುದಿಲ್ಲ, ಪೋಪ್ ಮಧ್ಯಸ್ಥಿಕೆ ವಹಿಸಲಿ ಎಂದು ಒಪ್ಪಿಕೊಂಡವು. ಯುದ್ಧ ನಡೆಯಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯುದ್ಧ ನಿಂತಿದ್ದು ಧರ್ಮದಿಂದಲೇ? ಅಥವಾ ಬಿರುಗಾಳಿಯಿಂದಲೇ? ಅಥವಾ ಸೋಲಿನ ಭಯದಿಂದಲೇ? ಹೌದು ಅಂತಲೋ ಇಲ್ಲ ಅಂತಲೋ ಹೇಳಿಬಿಡುವುದು ಸುಲಭ. ಹೇಗೆ ಗೊತ್ತು ಎಂದು ತೋರಿಸುವುದೇ ಕಷ್ಟ. ಇವತ್ತಿನ ಮಾತು ಆ ಕಷ್ಟದ ಬಗ್ಗೆ.

ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನ ಬಹಳ ಕಾಲ ಧರ್ಮವನ್ನು ಬಾಗಿಲ ಹೊರಗೇ ಕೂರಿಸಿತ್ತು. 1980ರಿಂದ 1999ರವರೆಗೆ ಈ ವಿಷಯದ ನಾಲ್ಕು ಪ್ರಮುಖ ಪತ್ರಿಕೆಗಳಲ್ಲಿ ಬಂದ ಸುಮಾರು 1600 ಲೇಖನಗಳನ್ನು ಡೇನಿಯಲ್ ಫಿಲ್‌ಪಾಟ್ ಎಂಬ ವಿದ್ವಾಂಸರು ನೋಡಿದರು. ಧರ್ಮವನ್ನು ಮುಖ್ಯ ಪ್ರಭಾವವೆಂದು ತೆಗೆದುಕೊಂಡ ಲೇಖನಗಳು ಅವುಗಳಲ್ಲಿ ಆರೋ ಏನೋ ಅಷ್ಟೇ. ಅದೂ ಎಂಥ ಇಪ್ಪತ್ತು ವರ್ಷ ನೋಡಿ! ಇರಾನಿನ ಕ್ರಾಂತಿಯ ಬಿಸಿ ಇನ್ನೂ ಆರಿರಲಿಲ್ಲ. ಪೋಲೆಂಡಿನಲ್ಲಿ ಚರ್ಚು ಕಾರ್ಮಿಕರ ಬೆನ್ನಿಗೆ ನಿಂತಿತ್ತು. ಬೀಗಲ್ ಒಪ್ಪಂದಕ್ಕೆ ಕೊನೆಯ ಸಹಿ ಬಿದ್ದಿದ್ದೂ ಆಗಲೇ.

ಇದಕ್ಕೆ ಕಾರಣ ಕೇಳಿದರೆ ಪಠ್ಯಪುಸ್ತಕಗಳು 1648ರ ವೆಸ್ಟ್‌ಫೇಲಿಯಾ ಒಪ್ಪಂದವನ್ನು ತೋರಿಸುತ್ತವೆ. ಯುರೋಪಿನಲ್ಲಿ ಕ್ಯಾಥೊಲಿಕರು ಮತ್ತು ಪ್ರಾಟೆಸ್ಟಂಟರ ನಡುವೆ ಶುರುವಾದ ಮೂವತ್ತು ವರ್ಷಗಳ ಯುದ್ಧ ಮುಗಿಯಿತು, ಅವತ್ತಿನಿಂದ ರಾಜತಂತ್ರದಿಂದ ಧರ್ಮ ಆಚೆ ಹೋಯಿತು ಎಂಬ ಕಥೆ ಅದು. ನನಗೆ ಈ ಕಥೆ ಒಪ್ಪಿಗೆಯಿಲ್ಲ. ಆ ಸಂಧಾನ ನಡೆದಿದ್ದು ಒಂದೇ ಊರಿನಲ್ಲಲ್ಲ, ಎರಡು ಊರುಗಳಲ್ಲಿ. ಮ್ಯೂನ್‌ಸ್ಟರ್‌ನಲ್ಲಿ ಒಂದು, ಸುಮಾರು 50 ಕಿಲೋಮೀಟರ್ ದೂರದ ಒಸ್ನಾಬ್ರೂಕ್‌ನಲ್ಲಿ ಇನ್ನೊಂದು. ಪೋಪರ ಪ್ರತಿನಿಧಿ ಪ್ರಾಟೆಸ್ಟಂಟರ ಜತೆ ಮಾತಿಗೆ ಕೂರಲು ಒಪ್ಪಿರಲಿಲ್ಲ. ಹಾಗಾಗಿ ಕಾಗದಗಳೇ ಊರಿಂದೂರಿಗೆ ಓಡಾಡಿದವು.

ಅವರು ಕೊನೆಗೆ ಕಂಡುಕೊಂಡ ದಾರಿ ಮಾತ್ರ ಬಹಳ ಜಾಣತನದ್ದು. ಯಾರ ನಂಬಿಕೆ ಸರಿ ಎಂಬ ಮಾತನ್ನೇ ಅವರು ಎತ್ತಲಿಲ್ಲ. ಒಂದು ತಾರೀಖು ಹಿಡಿದುಕೊಂಡರು. 1624ರ ಜನವರಿ 1ರಂದು ಯಾವ ಚರ್ಚು ಯಾರ ಕೈಯಲ್ಲಿತ್ತೋ ಅದು ಅವರಿಗೇ ಎಂದು ಬರೆದರು. ಒಸ್ನಾಬ್ರೂಕ್‌ನಲ್ಲಂತೂ ಒಬ್ಬ ಕ್ಯಾಥೊಲಿಕ್ ಬಿಷಪ್ ಆದ ಮೇಲೆ ಒಬ್ಬ ಪ್ರಾಟೆಸ್ಟಂಟ್, ಹೀಗೆ ಸರದಿಯ ಮೇಲೆ ಆಳಲಿ ಎಂದು ತೀರ್ಮಾನಿಸಿದರು. ಇದನ್ನು ಧರ್ಮ ಆಚೆ ಹೋದ ಒಪ್ಪಂದ ಅನ್ನಬಹುದಾ? ಅದರ ಸಾಲು ಸಾಲಿನಲ್ಲೂ ಧರ್ಮವಿದೆ. ಒಪ್ಪಂದದ ಮೂಲ ಪಠ್ಯ ಓದದೆ ಅದರ ಬಗ್ಗೆ ಬರೆದವರನ್ನಷ್ಟೇ ಓದಿದರೆ ಹೀಗಾಗುತ್ತದೆ.

ಧರ್ಮವನ್ನು ಬಿಟ್ಟು ನೋಡಿದ್ದರ ಬೆಲೆ 1979ರಲ್ಲಿ ಕಾಣಿಸಿತು. 1977ರ ಡಿಸೆಂಬರ್ 31ರ ರಾತ್ರಿ ಟೆಹರಾನಿನ ಔತಣದಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇರಾನನ್ನು ಸ್ಥಿರತೆಯ ದ್ವೀಪ ಎಂದು ಹೊಗಳಿದರು. 13 ತಿಂಗಳಲ್ಲಿ ಅಲ್ಲಿನ ದೊರೆ ಶಾ ದೇಶ ಬಿಟ್ಟಿದ್ದರು, ಅವರ ವಿರುದ್ಧದ ಕ್ರಾಂತಿಯ ನಾಯಕ, ಧರ್ಮಗುರು ಖೊಮೇನಿ ವಿಮಾನದಿಂದ ಇಳಿದಿದ್ದರು. ಖೊಮೇನಿಯವರ ಭಾಷಣಗಳು ಕ್ಯಾಸೆಟ್‌ಗಳಲ್ಲಿ ಮಸೀದಿಯಿಂದ ಮಸೀದಿಗೆ ಹರಡಿದ್ದವು. ಸೇನೆ ಎಷ್ಟಿದೆ, ಎಣ್ಣೆ ಎಷ್ಟಿದೆ ಎಂದು ಲೆಕ್ಕ ಹಾಕುವವರು ಬೇಕಾದಷ್ಟಿದ್ದರು. ಆ ಕ್ಯಾಸೆಟ್‌ಗಳಿಗೆ ಕಿವಿಗೊಟ್ಟವರು ಕಡಿಮೆ.

ಆಮೇಲೆ ತಕ್ಕಡಿ ಇನ್ನೊಂದು ಕಡೆ ವಾಲಿತು. 2001ರ ಸೆಪ್ಟೆಂಬರ್ ಆದ ಮೇಲೆ ಯಾವ ಜಗಳ ಕಂಡರೂ ಧರ್ಮವೇ ಕಾರಣ ಎನ್ನುವ ಬರಹ ಜಾಸ್ತಿಯಾಯಿತು. ಇದೂ ಅಷ್ಟೇ ದೊಡ್ಡ ತಪ್ಪು. ಪ್ರೀಹ್ ವಿಹಾರ್ ದೇವಾಲಯವನ್ನೇ ತೆಗೆದುಕೊಳ್ಳಿ. ಡಾಂಗ್ರೆಕ್ ಬೆಟ್ಟದ ಅಂಚಿನಲ್ಲಿರುವ ಹಳೆಯ ಶಿವಾಲಯ ಅದು. ಅದರ ಸುತ್ತ 2008ರಿಂದ 2011ರವರೆಗೆ ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ಸೈನಿಕರು ಗುಂಡು ಹಾರಿಸಿಕೊಂಡರು. ದೇವಾಲಯ, ಗುಂಡು ಎರಡೂ ಕಂಡ ಕೂಡಲೇ ಧರ್ಮಯುದ್ಧ ಎಂದು ಬರೆದುಬಿಡಬಹುದು. ಆದರೆ ಎರಡೂ ದೇಶಗಳ ಹೆಚ್ಚಿನ ಜನ ಬೌದ್ಧರು, ಅದೂ ಒಂದೇ ಪಂಥದವರು. 1962ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ದೇವಾಲಯ ಕಾಂಬೋಡಿಯಾದ್ದು ಎಂದಿತ್ತು. ಅಲ್ಲಿ ವಾದ ನಡೆದಿದ್ದು ದೇವರ ಬಗ್ಗೆ ಅಲ್ಲ. ಫ್ರೆಂಚ್ ಅಧಿಕಾರಿಗಳು ತಯಾರಿಸಿದ ಹಳೆಯ ನಕ್ಷೆಯ ಬಗ್ಗೆ, ಬೆಟ್ಟದ ಮೇಲೆ ಬಿದ್ದ ಮಳೆನೀರು ಯಾವ ಕಡೆ ಹರಿಯುತ್ತದೆ ಎಂಬುದರ ಬಗ್ಗೆ.

ಹಾಗಾದರೆ ಅಧ್ಯಯನ ಮಾಡುವವರು ಏನು ಮಾಡಬೇಕು? ಸಂಶೋಧನೆ ಶುರು ಮಾಡಿದ್ದ ಒಬ್ಬ ವಿದ್ಯಾರ್ಥಿನಿ ಒಮ್ಮೆ ತನ್ನ ಲ್ಯಾಪ್‌ಟಾಪ್ ತಂದು ನನ್ನ ಎದುರು ಇಟ್ಟಳು. ಪರದೆಯ ಮೇಲೆ ದೊಡ್ಡ ಕೋಷ್ಟಕ. ಒಂದೊಂದು ಸಾಲಿಗೆ ಒಂದೊಂದು ಸಂಘರ್ಷ. ಕೊನೆಯ ಕಾಲಂನ ತಲೆಯಲ್ಲಿ ‘ಧರ್ಮ’ ಎಂದಿತ್ತು. ಕೆಳಗೆಲ್ಲ ಒಂದು ಅಥವಾ ಸೊನ್ನೆ. ಒಂದು ಸಾಲಿನ ಮುಂದೆ ಮಾತ್ರ ಖಾಲಿ ಬಿಟ್ಟಿದ್ದಳು. ಯಾಕಮ್ಮಾ ಅಂದೆ. ‘ಸರ್, ಇಲ್ಲಿ ಜಗಳ ಆಡಿದವರ ಧರ್ಮ ಬೇರೆ ಬೇರೆ. ಆದರೆ ಜಗಳ ಧರ್ಮದ ಬಗ್ಗೆ ಅಲ್ಲ. ಒಂದು ಹಾಕಲಾ, ಸೊನ್ನೆ ಹಾಕಲಾ?’ ಅಂದಳು. ಅವಳು ತುಂಬಿದ್ದ ಎಲ್ಲ ಸಾಲುಗಳಿಗಿಂತ ಆ ಖಾಲಿ ಬಿಟ್ಟ ಸಾಲು ನನಗೆ ಜಾಸ್ತಿ ಖುಷಿ ಕೊಟ್ಟಿತು. ಅವಳಿಗೆ ವಿಷಯ ಅರ್ಥವಾಗಿತ್ತು. ಎದುರಾಳಿಗಳ ಧರ್ಮ ಬೇರೆಯಾಗಿರುವುದು ಒಂದು ಸಂಗತಿ. ಧರ್ಮಕ್ಕಾಗಿ ಹೋರಾಡುವುದು ಇನ್ನೊಂದು. ಒಂದೇ ಕಾಲಂನಲ್ಲಿ ಎರಡನ್ನೂ ತುರುಕಿದರೆ ಲೆಕ್ಕವೇನೋ ಬರುತ್ತದೆ, ಅರ್ಥ ಬರುವುದಿಲ್ಲ.

ಇದು ಅವಳೊಬ್ಬಳ ತೊಂದರೆ ಅಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯ ಜಗತ್ತಿನ ಸಂಘರ್ಷಗಳ ದೊಡ್ಡ ದತ್ತಾಂಶ ಇಟ್ಟಿದೆ. ವರ್ಷಕ್ಕೆ ಕನಿಷ್ಠ 25 ಜನ ಕಾಳಗದಲ್ಲಿ ಸತ್ತರೆ ಮಾತ್ರ ಅದು ಅಲ್ಲಿ ಸಕ್ರಿಯ ಸಂಘರ್ಷ. ಜಗಳದ ವಿಷಯ ಎರಡೇ: ಸರ್ಕಾರ, ಇಲ್ಲವೇ ನೆಲ. ಧರ್ಮಕ್ಕೆ ಬೇರೆ ಮನೆಯೇ ಇಲ್ಲ. ಅಲ್ಲಿನವರೇ ಆದ ಐಸಾಕ್ ಸ್ವೆನ್ಸನ್ ಒಂದೊಂದು ಸಂಘರ್ಷದ ಹತ್ತಿರ ಹೋಗಿ, ಕಾದಾಡುವವರು ಬಾಯಿಬಿಟ್ಟು ಏನು ಕೇಳಿದರು, ಅದರಲ್ಲಿ ಧಾರ್ಮಿಕ ಬೇಡಿಕೆ ಇತ್ತೇ ಎಂದು ಹುಡುಕಿದರು. ಆಗ ತಿಳಿದಿದ್ದು ಇದು: ಎದುರಾಳಿಗಳ ಧರ್ಮ ಬೇರೆ ಎಂಬ ಒಂದೇ ಕಾರಣಕ್ಕೆ ಸಂಧಾನ ಕೆಡುವುದಿಲ್ಲ. ಬೇಡಿಕೆಯೇ ಧಾರ್ಮಿಕವಾದರೆ ಸಂಧಾನ ಬಹಳ ಕಷ್ಟ.

ಇಂಥ ಕೋಷ್ಟಕಗಳಲ್ಲಿ ನನ್ನನ್ನು ಕಾಡುವುದು ಇನ್ನೂ ಒಂದಿದೆ. ಸಾವಿನ ಲೆಕ್ಕ ಇಡುವ ಕೋಷ್ಟಕದಲ್ಲಿ ಬೀಗಲ್‌ಗೆ ಜಾಗವೇ ಇಲ್ಲ. ಯುದ್ಧವೇ ಆಗಲಿಲ್ಲ, ಅಲ್ವಾ? ಧರ್ಮ ಬೆಂಕಿ ಹಚ್ಚಿದ ಕಡೆ ಸಾಲು ಸಿಗುತ್ತದೆ. ಬೆಂಕಿ ಹತ್ತದಂತೆ ನೋಡಿಕೊಂಡ ಕಡೆ ಏನೂ ಸಿಗುವುದಿಲ್ಲ. ಬರೀ ಸುಟ್ಟ ಮನೆಗಳನ್ನು ಎಣಿಸುತ್ತಾ ಹೋದರೆ ಒಲೆ ಅಂದರೆ ಮನೆ ಸುಡುವುದಕ್ಕೇ ಇರುವುದು ಎಂದುಕೊಳ್ಳುತ್ತೇವೆ.

ಅದಕ್ಕೇ ಒಂದು ಘಟನೆಯನ್ನು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸುವ ವಿಧಾನ ನನಗೆ ಇಷ್ಟ. ಬೀಗಲ್‌ಗೆ ಮರಳೋಣ. ಪೋಪ್ ಗೆದ್ದಿದ್ದು ಅವರು ತಟಸ್ಥರಾಗಿದ್ದರು ಎಂಬುದಕ್ಕೆ ಎಂದು ಕೆಲವರು ಹೇಳುತ್ತಾರೆ. ಪರೀಕ್ಷಿಸಿ ನೋಡೋಣ. ತಟಸ್ಥರಾಗಿದ್ದರೆ ಸಾಕು ಎನ್ನುವುದಾದರೆ 1977ರಲ್ಲೇ ಇದು ಮುಗಿಯಬೇಕಿತ್ತು. ಆಗ ಅಂತರರಾಷ್ಟ್ರೀಯ ನ್ಯಾಯಾಲಯದ ಐವರು ನ್ಯಾಯಾಧೀಶರು ಕೂತು, ಮೂರೂ ದ್ವೀಪ ಚಿಲಿಗೆ ಎಂದು ತೀರ್ಪು ಕೊಟ್ಟರು. ಅದು ಹೊರಬಂದಿದ್ದು ಬ್ರಿಟನ್ನಿನ ರಾಣಿಯ ಹೆಸರಿನಲ್ಲಿ. 1978ರ ಜನವರಿಯಲ್ಲಿ ಅರ್ಜೆಂಟೀನಾ ಅದನ್ನು ತಳ್ಳಿಹಾಕಿತು. ನ್ಯಾಯಾಧೀಶರ ಮಾತನ್ನು ತಳ್ಳಿದ ಸರ್ಕಾರಕ್ಕೆ ಪೋಪರ ದೂತನನ್ನು ತಳ್ಳುವುದು ಕಷ್ಟವಾಯಿತು. ಎರಡೂ ಕ್ಯಾಥೊಲಿಕ್ ದೇಶಗಳು. ಧರ್ಮ ರಕ್ಷಕರು ನಾವು ಎಂದು ಜನರ ಮುಂದೆ ಹೇಳಿಕೊಂಡಿದ್ದ ಸೇನಾಧಿಕಾರಿಗಳು ಕಾರ್ಡಿನಲ್ ಊರಲ್ಲಿರುವಾಗಲೇ ಗುಂಡು ಹಾರಿಸುವುದು ಹೇಗೆ? ಹಾಗಾಗಿ ಇಲ್ಲಿ ಧರ್ಮ ನಿಜಕ್ಕೂ ಕೆಲಸ ಮಾಡಿದೆ ಎಂದು ನನ್ನ ತೀರ್ಮಾನ. ಬಿರುಗಾಳಿ ಒಂದೆರಡು ದಿನ ಕೊಟ್ಟಿರಬಹುದು. ಆ ದಿನಗಳನ್ನು ವರ್ಷಗಳಾಗಿ ಮಾಡಿದವರು ಸಮೋರೆ.

ಆದರೆ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟಿದರೆ ತಪ್ಪು. 1980ರ ಡಿಸೆಂಬರಿನಲ್ಲಿ ಪೋಪ್ ತಮ್ಮ ಪರಿಹಾರ ಮುಂದಿಟ್ಟರು. ಚಿಲಿ ಒಪ್ಪಿತು. ಅರ್ಜೆಂಟೀನಾ ಒಪ್ಪಲಿಲ್ಲ. ಅದೇ ಪೋಪ್, ಅದೇ ಧರ್ಮ, ಅದೇ ಸೇನಾ ಸರ್ಕಾರ. ಎರಡು ವರ್ಷದ ಹಿಂದೆ ಕೇಳಿದ ಮಾತನ್ನು ಈಗ ಕೇಳಲಿಲ್ಲ. ಗಂಟು ಬಿಚ್ಚಿದ್ದು ಆಮೇಲೆ. 1982ರಲ್ಲಿ ಬ್ರಿಟನ್ ವಿರುದ್ಧದ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾ ಸೋತಿತು. ಸೇನಾ ಆಡಳಿತ ಬಿತ್ತು. ಚುನಾಯಿತ ಅಧ್ಯಕ್ಷ ರೌಲ್ ಅಲ್ಫೊನ್ಸಿನ್ ಪ್ರಶ್ನೆಯನ್ನು ಜನರ ಮತಕ್ಕೇ ಇಟ್ಟರು. ಜನ ಭಾರೀ ಬಹುಮತದಿಂದ ಒಪ್ಪಿದರು. 1984ರ ನವೆಂಬರ್ 29ರಂದು ವ್ಯಾಟಿಕನ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಸಮೋರೆ ಅದನ್ನು ನೋಡಲಿಲ್ಲ. 1983ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. ಇವತ್ತು ಆಂಡಿಸ್‌ನಲ್ಲಿ ಎರಡು ದೇಶಗಳನ್ನು ಜೋಡಿಸುವ ಒಂದು ಕಣಿವೆ ದಾರಿಗೆ ಅವರ ಹೆಸರಿದೆ.

ಹೀಗೆ ಬಿಡಿಸಿ ನೋಡಿದಾಗ ಉತ್ತರವೂ ಬಿಡಿಬಿಡಿಯಾಗಿ ಸಿಗುತ್ತದೆ. 1978ರ ಡಿಸೆಂಬರಿನಲ್ಲಿ ಧರ್ಮ ಕೈ ತಡೆಯಿತು. 1980ರಲ್ಲಿ ಅದರ ಮಾತು ನಡೆಯಲಿಲ್ಲ. ಪ್ರಜಾಪ್ರಭುತ್ವ ಬಂದ ಮೇಲೆ, 1984ರಲ್ಲಿ, ಮಾತುಕತೆಯ ಮೇಜು ಇನ್ನೂ ಹಾಗೇ ಇತ್ತು. ಅದನ್ನು ಮಡಿಸದೆ ಇಟ್ಟುಕೊಂಡಿದ್ದು ವ್ಯಾಟಿಕನ್.

ಆಫ್ರಿಕಾದ ಮೊಜಾಂಬಿಕ್‌ಗಾಗಿಯೂ ಹೀಗೇ ಒಂದು ಮೇಜು ಇತ್ತು. ರೋಮಿನ ಸಾಂತ್ ಎಜಿಡಿಯೊ ಎಂಬ ಕ್ಯಾಥೊಲಿಕ್ ಸಮುದಾಯದ ಜಾಗದಲ್ಲಿ 1990ರ ಜುಲೈಯಿಂದ 27 ತಿಂಗಳು ಮಾತುಕತೆ ನಡೆಯಿತು. 1992ರ ಅಕ್ಟೋಬರ್ 4ರಂದು ಅಂತರ್ಯುದ್ಧ ಮುಗಿಸುವ ಒಪ್ಪಂದವಾಯಿತು. ಅಲ್ಲಿ ಮಧ್ಯಸ್ಥರಾಗಿದ್ದವರಲ್ಲಿ ಒಬ್ಬ ಯುವ ಪಾದ್ರಿ ಮತ್ತೆಯೊ ಜುಪ್ಪಿ. ಉಕ್ರೇನ್ ಯುದ್ಧ ನಡೆಯುತ್ತಿದ್ದಾಗ, 2023ರಲ್ಲಿ, ಪೋಪ್ ಫ್ರಾನ್ಸಿಸ್ ಕೀವ್‌ಗೂ ಮಾಸ್ಕೋಗೂ ಕಳಿಸಿದ್ದು ಅವರನ್ನೇ. ಆಗ ಅವರು ಕಾರ್ಡಿನಲ್.

ಸಂದರ್ಶನದ ಬಗ್ಗೆಯೂ ಹೇಳಬೇಕು. ನಿವೃತ್ತ ರಾಯಭಾರಿಯ ಎದುರು ಕೂತು ‘ಇದರಲ್ಲಿ ಧರ್ಮದ ಪಾತ್ರ ಏನು?’ ಎಂದು ಕೇಳಬೇಡಿ. ಅವರು ಭಾಷಣ ಮಾಡುತ್ತಾರೆ. ಆವತ್ತು ಬೆಳಿಗ್ಗೆ ಮೊದಲು ಫೋನ್ ಮಾಡಿದ್ದು ಯಾರು, ಯಾರು ಯಾವ ಕುರ್ಚಿಯಲ್ಲಿ ಕೂತರು, ಮಾತು ನಿಂತಾಗ ಮತ್ತೆ ಶುರು ಮಾಡಿದ್ದು ಯಾರು ಎಂದು ಕೇಳಿ. ಧರ್ಮ ಅಲ್ಲಿದ್ದರೆ ತಾನಾಗಿ ಬರುತ್ತದೆ. ಇಲ್ಲದಿದ್ದರೆ ನೀವು ಸುಮ್ನೆ ಅದನ್ನು ಅವರ ಬಾಯಿಗೆ ಹಾಕಿದಂತಾಗುವುದಿಲ್ಲ.

ಸಮೀಕ್ಷೆಯಲ್ಲೂ ಕೇಳುವ ರೀತಿಯೇ ಮುಖ್ಯ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಸ್ರೇಲಿ ವಸಾಹತುಗಾರರನ್ನೂ ಪ್ಯಾಲೆಸ್ತೀನಿ ನಿರಾಶ್ರಿತರನ್ನೂ ಮಾತಾಡಿಸಿತು. ಒಬ್ಬೊಬ್ಬರ ಮುಂದೆ ಒಂದೊಂದು ಬಗೆಯ ರಾಜಿ ಇಟ್ಟಿತು. ಕೆಲವರಿಗೆ ಬರೀ ರಾಜಿ, ಕೆಲವರಿಗೆ ರಾಜಿಯ ಜತೆ ಹಣ. ನೆಲವನ್ನು ಪವಿತ್ರ ಎಂದು ನಂಬಿದವರಿಗೆ ಹಣದ ಮಾತು ಕೇಳಿ ಸಿಟ್ಟು ಇನ್ನೂ ಏರಿತು. ಎದುರು ಪಕ್ಷವೂ ತನಗೆ ಪವಿತ್ರವಾದ ಒಂದು ಹಕ್ಕನ್ನು ಬಿಟ್ಟುಕೊಡುತ್ತದೆ ಎಂದಾಗ ಸಿಟ್ಟು ಇಳಿಯಿತು. ನೀವು ಎಷ್ಟು ಧಾರ್ಮಿಕರು ಎಂದು ಸಾವಿರ ಜನರನ್ನು ಕೇಳಿದ್ದರೂ ಇದು ಹೊರಬರುತ್ತಿರಲಿಲ್ಲ. ಸಂಧಾನಕ್ಕೆ ಹೋಗುವ ಯಾರಿಗೇ ಆಗಲಿ, ಚೀಲದಲ್ಲಿ ಏನು ಒಯ್ಯಬಾರದು ಎಂದು ಇದು ನೇರವಾಗಿ ಹೇಳುತ್ತದೆ.

ಇನ್ನು ಉಳಿದಿದ್ದು ಕಡತಗಳು. ವ್ಯಾಟಿಕನ್ ತನ್ನ ದಾಖಲೆಗಳನ್ನು ಒಬ್ಬೊಬ್ಬ ಪೋಪರ ಕಾಲಕ್ಕೆ ಒಟ್ಟಾಗಿ ತೆರೆಯುತ್ತದೆ. 2020ರ ಮಾರ್ಚ್ 2ರಂದು ತೆರೆದಿದ್ದು ಹನ್ನೆರಡನೇ ಪಯಸ್ ಅವರ ಕಾಲದ್ದು. ಅದು 1958ಕ್ಕೆ ಮುಗಿಯುತ್ತದೆ. ಸಮೋರೆಯವರ ಕಾಗದಗಳು ಬರುವುದು ಅದಾದ ಮೇಲಿನ ನಾಲ್ಕನೇ ಪೋಪರ ಕಾಲಕ್ಕೆ. ಆ ಬಾಗಿಲು ತೆರೆದ ದಿನ ಯಾರೇ ಒಳಗೆ ಹೋಗಲಿ, ಅವರು ಮೊದಲು 1978ರ ಡಿಸೆಂಬರ್ 22ರಿಂದ 26ರವರೆಗಿನ ಹಾಳೆಗಳನ್ನು ಕೇಳಲಿ ಎಂಬುದು ನನ್ನ ಆಸೆ. ಹಡಗುಗಳು ಕಡಲಲ್ಲಿದ್ದಾಗ, ಕಾರ್ಡಿನಲ್ ಇನ್ನೂ ನೆಲ ಮುಟ್ಟುವ ಮೊದಲು, ರೋಮಿನಿಂದ ಬಂದ ಸಂದೇಶಕ್ಕೆ ಆ ಎರಡು ರಾಜಧಾನಿಗಳಿಂದ ಮರಳಿ ಹೋದ ಉತ್ತರದಲ್ಲಿ ಯಾವ ಪದಗಳಿದ್ದವು ಎಂದು ನೋಡಬೇಕು.

ನಮಸ್ಕಾರ.