ಮುಂದಿನ ಹಾಡು ಯಾರಿಗೆ ಕೇಳ್ಬೇಕು?

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ. ಡಿಜೆ ಸಾಮಾನಿನ ಬಗ್ಗೆ ಮಾತಾಡೋಕೆ ಕರೆಸಿ ಮೈಕೇ ಕುಂಯ್ ಅಂತಿದೆ, ಇರ್ಲಿ ಬಿಡಿ, ಶುಭ ಶಕುನ ಅಂದ್ಕೊಳೋಣ.

ಗಣೇಶನ ಹಬ್ಬ ಹತ್ರ ಬಂತು. ಈ ಸೀಸನ್ ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜು, "ಅಣ್ಣಾ, ಬಜೆಟ್ ಇಷ್ಟಿದೆ, ಯಾವ್ ಡಿಜೆ ಕಂಟ್ರೋಲರ್ ತಗೊಳ್ಲಿ?", ಅದರ ಕೆಳಗೆ ನಾಲ್ಕು ಲಿಂಕು. ಎಷ್ಟು ಪ್ಯಾಡ್ ಇದೆ, ಎಷ್ಟು ಎಫೆಕ್ಟ್ ಇದೆ, ಲೈಟ್ ಯಾವ ಕಲರ್ ಹೊಳೆಯುತ್ತೆ, ಎಲ್ಲಾ ಓದ್ಕೊಂಡಿರ್ತಾರೆ. ಮೊದಲೇ ಹೇಳ್ಬಿಡ್ತೀನಿ, ಟ್ರಾಕ್ಟರ್ ಮೇಲೆ ಗೋಡೆ ಥರ ಬಾಕ್ಸ್ ಪೇರಿಸಿ ಎದೆ ನಡುಗಿಸ್ತಾರಲ್ಲ, ಅದು ಇವತ್ತಿನ ವಿಷಯ ಅಲ್ಲ, ಅದನ್ನ ಕೇಳೋಕೆ ಬಂದಿದ್ರೆ ಕಾಫಿ ಕುಡ್ಕೊಂಡು ಹೊರಡಬಹುದು, ಯಾರೂ ಬೇಜಾರ್ ಮಾಡ್ಕೊಳಲ್ಲ. ಮನೇಲಿ ರೂಮಿನ ಬಾಗಿಲು ಹಾಕ್ಕೊಂಡು ಎರಡು ಹಾಡು ಸೇರಿಸಿ ಖುಷಿ ಪಡೋರು, ವರ್ಷಕ್ಕೊಂದ್ಸಲ ಕಸಿನ್ ರಿಸೆಪ್ಷನ್‌ನಲ್ಲಿ ಬಾರಿಸೋರು, ಅಂಥವರಿಗೆ ನನ್ನ ಮಾತು.

ಲಿಂಕ್ ಕಳ್ಸೋ ಎಲ್ರಿಗೂ ನಾನು ಕೇಳೋದು ಒಂದೇ ಪ್ರಶ್ನೆ. ಹೊರಗೆ ಸ್ಪೀಕರ್‌ನಲ್ಲಿ ಒಂದು ಹಾಡು ಓಡ್ತಿರೋವಾಗ, ಮುಂದಿನ ಹಾಡು ನಿಮ್ಮ ಕಿವಿಗೆ ಮಾತ್ರ ಕೇಳುತ್ತಾ? ಕೇಳುತ್ತೆ ಅಂದ್ರೆ ನಿಮ್ಮ ಹತ್ರ ಡಿಜೆ ಸಾಮಾನಿದೆ, ಅದು ಎಷ್ಟೇ ಅಗ್ಗದ್ದಾಗಿರ್ಲಿ. ಕೇಳಲ್ಲ ಅಂದ್ರೆ, ಲಕ್ಷ ರೂಪಾಯಿ ಕೊಟ್ಟಿದ್ರೂ ನಿಮ್ಮ ಹತ್ರ ಇರೋದು ದೊಡ್ಡ ಪ್ಲೇಯರ್ ಅಷ್ಟೇ.

ಇದು ನಾನು ಹುಟ್ಟಿಸಿದ ಮಾತಲ್ಲ, ಈ ಕಲೆಯ ಇತಿಹಾಸಾನೇ ಇದು. ನ್ಯೂಯಾರ್ಕ್‌ನಲ್ಲಿ ಫ್ರಾನ್ಸಿಸ್ ಗ್ರಾಸೊ ಅಂತ ಇದ್ರು, 1970ರ ಆಸುಪಾಸಿನಲ್ಲಿ, ಹಳೇ ಚರ್ಚ್ ಒಂದನ್ನ ಕ್ಲಬ್ ಮಾಡಿದ್ರಲ್ಲ ಸ್ಯಾಂಕ್ಚುಅರಿ ಅಂತ, ಅಲ್ಲಿ ಒಂದು ಹಾಡಿನ ಬಡಿತದ ಮೇಲೇನೇ ಇನ್ನೊಂದರ ಬಡಿತ ಕೂರಿಸಿ ದಾಟಿಸ್ತಿದ್ದವರು. 1971ರಲ್ಲಿ ಅಲೆಕ್ಸ್ ರೋಸ್ನರ್ ಅನ್ನೋ ಇಂಜಿನಿಯರು ಹೇವನ್ ಅನ್ನೋ ಕ್ಲಬ್‌ಗೆ ಹಾಡು ಬೆರೆಸೋ ಒಂದು ಮಿಕ್ಸರ್ ಮಾಡಿಕೊಟ್ರು, ಕೆಂಪು ಬಣ್ಣ, ಅದಕ್ಕೆ ಎಲ್ರೂ ರೋಸಿ ಅಂತ ಕರೀತಿದ್ರು. ಅದರಲ್ಲಿ ಇದ್ದಿದ್ದೇನು? ಪ್ಯಾಡ್ ಇಲ್ಲ, ಎಫೆಕ್ಟ್ ಇಲ್ಲ. ಹೆಡ್‌ಫೋನ್‌ನಲ್ಲಿ ಮುಂದಿನ ಹಾಡು ಕೇಳೋ ವ್ಯವಸ್ಥೆ ಇತ್ತು.

ನನಗೆ ಇಷ್ಟವಾದ ಕತೆ ಮಾತ್ರ ನ್ಯೂಯಾರ್ಕ್‌ನದೇ ಬ್ರಾಂಕ್ಸ್ ಅನ್ನೋ ಏರಿಯಾದ್ದು. ಇದನ್ನ ಎಲ್ಲಿ ಹೋದ್ರೂ ಹೇಳ್ತೀನಿ, ಹೋದ್ ಸಲಾನೂ ಹೇಳಿದ್ದೆ ಅಂತ ಅಲ್ಲಿ ಯಾರೋ ನಗ್ತಿದಾರೆ, ಇನ್ನೊಂದ್ಸಲ ಕೇಳಿ ಪರವಾಗಿಲ್ಲ. 1973ರ ಆಗಸ್ಟ್ 11, ಸೆಜ್ವಿಕ್ ಅವೆನ್ಯೂ 1520ನೇ ನಂಬರ್ ಬಿಲ್ಡಿಂಗು, ಹಿಪ್‌ಹಾಪ್ ಶುರು ಮಾಡಿದವರು ಅಂತಾರಲ್ಲ, ಆ ಡಿಜೆ ಕೂಲ್ ಹರ್ಕ್ ಅವರ ತಂಗಿ ಇಟ್ಕೊಂಡಿದ್ದ ಪಾರ್ಟಿ, ಇಷ್ಟು ನಿಮಗೆಲ್ಲಾ ಗೊತ್ತಿರೋದೇ. ಹಾಡಿನ ನಡುವೆ ಡ್ರಮ್ ಮಾತ್ರ ಬರೋ ಜಾಗ ಬಂದಾಗ ಜನ ಹುಚ್ಚೆದ್ದು ಕುಣೀತಾರೆ ಅಂತ ಹರ್ಕ್ ಕಂಡ್ಕೊಂಡ್ರು, ಎರಡು ಟರ್ನ್‌ಟೇಬಲ್, ಅಂದ್ರೆ ರೆಕಾರ್ಡ್ ಪ್ಲೇಯರ್, ಇಟ್ಟು ಆ ಜಾಗನ ಎಳೆಯೋಕೆ ಶುರು ಮಾಡಿದ್ರು. ಆದ್ರೆ ಸೂಜಿ ಇಡ್ತಿದ್ದಿದ್ದು ಕಣ್ಣಂದಾಜಲ್ಲಿ. ಬಡಿತ ಒಂದೊಂದ್ಸಲ ಕೂತ್ಕೊಳ್ತಿತ್ತು, ಒಂದೊಂದ್ಸಲ ಎಡವುತ್ತಿತ್ತು.

ಅದನ್ನ ನೋಡ್ತಾ ನಿಂತಿದ್ದ ಒಬ್ಬ ಹುಡುಗ, ಜೋಸೆಫ್ ಸ್ಯಾಡ್ಲರ್, ಮುಂದೆ ಗ್ರ್ಯಾಂಡ್‌ಮಾಸ್ಟರ್ ಫ್ಲಾಶ್ ಅಂತ ಹೆಸರಾದವನು. ಹುಟ್ಟಿದ್ದು ಬಾರ್ಬಡೋಸ್, ಬೆಳೆದಿದ್ದು ಬ್ರಾಂಕ್ಸ್, ಓದ್ತಿದ್ದಿದ್ದು ಎಲೆಕ್ಟ್ರಾನಿಕ್ಸ್ ಕಲಿಸೋ ಸ್ಕೂಲು. ಮನೇಲಿರೋ ಸಾಮಾನೆಲ್ಲ ಬಿಚ್ಚಿ ಹಾಕೋ ಜಾತಿ, ನಮ್ಮನೆಗಳಲ್ಲೂ ಒಬ್ಬೊಬ್ಬ ಇರ್ತಾನಲ್ಲ, ರೇಡಿಯೋ ಬಿಚ್ಚಿ ಎರಡು ಸ್ಕ್ರೂ ಮಿಗಿಸೋನು. ಬೀದೀಲಿ ಎಸೆದಿರೋ ಸ್ಟೀರಿಯೋ ಎತ್ತಿಕೊಂಡು ಬಂದು ಅದರ ಪಾರ್ಟ್ಸ್ ಕಿತ್ಕೋತಿದ್ದ. ಅವನಿಗೆ ಗೊತ್ತಾಯ್ತು, ಕಣ್ಣಂದಾಜು ಆಗಲ್ಲ, ಜನಕ್ಕೆ ಕೇಳೋ ಮುಂಚೆ ನನಗೆ ಕೇಳ್ಬೇಕು. ದುಡ್ಡಿರೋ ಕ್ಲಬ್‌ಗಳಿಗೆ ಅಂಥ ಮಿಕ್ಸರ್ ಇತ್ತು, ಇವನ ಹತ್ರ ಇದ್ದಿದ್ದು ಮೈಕ್‌ಗಳಿಗೆ ಅಂತ ಮಾಡಿದ್ದ ಮಿಕ್ಸರ್, ಕ್ಯೂ ಇಲ್ಲ, ಅಂದ್ರೆ ಮುಂದಿನ ಹಾಡು ಮೊದಲೇ ಕಿವಿಗೆ ಕೇಳೋ ವ್ಯವಸ್ಥೆ ಇಲ್ಲ. ಏನ್ ಮಾಡ್ದ? ಅಂಗಡಿಗೆ ಹೋಗಿ ಒಂದು ಟಾಗಲ್ ಸ್ವಿಚ್ ತಂದ, ಆ ಕಡೆ ಒತ್ತಿದ್ರೆ ಒಂದು ಟರ್ನ್‌ಟೇಬಲ್ಲು, ಈ ಕಡೆ ಒತ್ತಿದ್ರೆ ಇನ್ನೊಂದು, ಮಧ್ಯದಲ್ಲಿ ಆಫ್, ಅದನ್ನ ಗಮ್ ಹಾಕಿ ಮಿಕ್ಸರ್‌ಗೇ ಅಂಟಿಸ್ಬಿಟ್ಟ. ಅದಕ್ಕೆ ಪೀಕ್-ಎ-ಬೂ ಅಂತ ಹೆಸರಿಟ್ಟ, ಮಕ್ಕಳ ಜತೆ ಕಣ್ಣಾಮುಚ್ಚಾಲೆ ಆಡ್ತೀವಲ್ಲ ಆ ಥರ.

ಇನ್ನೊಂದಿದೆ ತಡೀರಿ. ಟರ್ನ್‌ಟೇಬಲ್ ಮೇಲೆ ರಬ್ಬರ್ ಮ್ಯಾಟ್ ಇರುತ್ತೆ, ರೆಕಾರ್ಡ್ ಹಿಂದಕ್ಕೆ ತಿರುಗಿಸಿದ್ರೆ ರಬ್ಬರು ಕಚ್ಕೊಳುತ್ತೆ. ಇವನ ಅಮ್ಮ ಹೊಲಿಗೆ ಗೊತ್ತಿದ್ದೋರು. ಅದರಿಂದ ಇವನಿಗೂ ಬಟ್ಟೆ ಬಗ್ಗೆ ಗೊತ್ತಿತ್ತು. ಫೆಲ್ಟ್ ಬಟ್ಟೆ ತಂದು ರೆಕಾರ್ಡ್ ಅಳತೆಗೆ ದುಂಡಗೆ ಕತ್ತರಿಸಿ, ಅದು ಮುದುರದೆ ಇರ್ಲಿ ಅಂತ ಗಂಜಿ ಹಾಕಿ ಇಸ್ತ್ರಿ ಮಾಡಿದ. ಗಂಜಿ ಹಾಕಿದ ಬಟ್ಟೆ ಸ್ವಾಮಿ! ಇವತ್ತು ಪ್ಯಾಕೆಟ್‌ನಲ್ಲಿ ಸ್ಲಿಪ್‌ಮ್ಯಾಟ್ ಅಂತ ಸಿಗುತ್ತಲ್ಲ, ಅದರ ಅಜ್ಜಿ ಇದು. ಆಮೇಲೆ ರೆಕಾರ್ಡ್ ಮೇಲೆ ಕ್ರೇಯಾನ್‌ನಲ್ಲಿ ಗೆರೆ ಎಳೆದ, ಡ್ರಮ್ ಎಲ್ಲಿ ಶುರು ಅಂತ ಗೊತ್ತಾಗೋಕೆ. ನೀವು ಕಂಟ್ರೋಲರ್‌ನಲ್ಲಿ ಗುರುತು ಹಾಕಿದ ಜಾಗಕ್ಕೆ ಹಾರೋಕೆ ಹಾಟ್‌ಕ್ಯೂ ಅಂತ ಒತ್ತುತೀರಲ್ಲ, ಅದು ಆ ಕ್ರೇಯಾನ್ ಗೆರೆ.

ಸರಿ, ಕತೆ ಜಾಸ್ತಿ ಆಯ್ತು, ಟೈಮ್ ನೋಡ್ಕೊಳೋರು ನನ್ನೇ ನೋಡ್ತಿದಾರೆ. ವಿಷಯಕ್ಕೆ ಬರ್ತೀನಿ.

ಕಂಟ್ರೋಲರ್ ಅಂದ್ರೇನು? ಬಟನ್ನು, ಮೇಲೆ ಕೆಳಗೆ ಜಾರಿಸೋ ಫೇಡರು ಇರೋ ಡಬ್ಬಿ, ಹಾಡು ಓಡೋದು ಲ್ಯಾಪ್‌ಟಾಪ್‌ನಲ್ಲಿ. ಅದರೊಳಗೆ ಸೌಂಡ್ ಕಾರ್ಡ್ ಇದ್ಯಾ ಅಂತ ಮೊದಲು ನೋಡಿ. ಲ್ಯಾಪ್‌ಟಾಪ್‌ಗೆ ಇರೋದು ಒಂದೇ ಸ್ಟೀರಿಯೋ ದಾರಿ, ನಮಗೆ ಬೇಕಾಗಿರೋದು ಎರಡು, ಒಂದು ಜನಕ್ಕೆ, ಒಂದು ನಮ್ಮ ಕಿವಿಗೆ. ಕಂಟ್ರೋಲರ್‌ಗೆ ಹೆಡ್‌ಫೋನ್ ಸಾಕೆಟ್ ಇದೆ, ಹಿಂದೆ ಮಾಸ್ಟರ್ ಔಟ್ ಇದೆ ಅಂದ್ರೆ ಸೌಂಡ್ ಕಾರ್ಡ್ ಇದೆ ಅಂತ ಅರ್ಥ. ಪಯೋನಿಯರ್‌ನ ಡಿಡಿಜೆ-ಎಫ್‌ಎಲ್‌ಎಕ್ಸ್4, ಹರ್ಕ್ಯುಲಿಸ್‌ನ ಇನ್‌ಪಲ್ಸ್ 200, ಇವೆಲ್ಲ ಕಲಿಯೋರಿಗೆ ಬೇಕಾದಷ್ಟಾಯ್ತು. ಸೆಕೆಂಡ್ ಹ್ಯಾಂಡ್ ಸಿಕ್ರೆ ಇನ್ನೂ ಒಳ್ಳೇದು, ಆದ್ರೆ ತಗೊಳೋ ಮುಂಚೆ ಹೆಡ್‌ಫೋನ್ ಪಿನ್ ಹಾಕಿ ಅಲ್ಲಾಡಿಸಿ ನೋಡಿ, ಒಂದು ಕಿವೀಲಿ ಸೌಂಡ್ ಹೋಗಿ ಬಂದು ಮಾಡಿದ್ರೆ ಸಾಕೆಟ್ ಸತ್ತಿದೆ. ಆಮೇಲೆ ಹಾಡು ಹಾಕಿ ಎಲ್ಲಾ ಫೇಡರ್‌ನೂ ನಿಧಾನಕ್ಕೆ ಮೇಲೆ ಕೆಳಗೆ ಮಾಡಿ, ಕರಕರ ಅಂದ್ರೆ ಧೂಳು, ಮಧ್ಯದಲ್ಲಿ ಧುತ್ ಅಂತ ಹಾರಿದ್ರೆ ಸವೆತ. ಧೂಳಾದ್ರೆ ಚೌಕಾಸಿ ಮಾಡಿ, ಸವೆತ ಆದ್ರೆ ಎದ್ದು ಬನ್ನಿ.

ಕಂಟ್ರೋಲರ್‌ಗೂ ದುಡ್ಡಿಲ್ಲ ಅನ್ನೋ ಹುಡುಗ್ರು ಇದ್ರೆ, ಕೇಳಿ. ಮಿಕ್ಸ್ (ಎಕ್ಸ್ ಮೂರಿರೋದು) ಅನ್ನೋ ಸಾಫ್ಟ್‌ವೇರ್ ಪೂರ್ತಿ ಫ್ರೀ, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತೆ. ಲ್ಯಾಪ್‌ಟಾಪ್‌ನ ಆ ಒಂದೇ ದಾರಿಯನ್ನ ಸೀಳೋ ಸ್ಪ್ಲಿಟರ್ ಕೇಬಲ್ ಎಸ್ಪಿ ರೋಡ್‌ನಲ್ಲಿ ಕೇಳಿದ್ರೆ ಕೊಡ್ತಾರೆ, ಎಡಗಡೆ ಸ್ಪೀಕರ್‌ಗೆ, ಬಲಗಡೆ ಕಿವಿಗೆ. ಬರೀ ಇಯರ್‌ಫೋನ್ ಎರಡು ಹಾಕೋ ಸ್ಪ್ಲಿಟರ್ ಕೊಟ್ಟುಬಿಡ್ತಾರೆ, ಅದಲ್ಲ, ಎಡ-ಬಲ ಬೇರೆ ಮಾಡೋದು ಬೇಕು ಅಂತ ಬಿಡಿಸಿ ಹೇಳಿ. ಸ್ಟೀರಿಯೋ ಹೋಗಿ ಮೋನೋ ಆಗುತ್ತೆ, ಆಗ್ಲಿ. ಮುಂದಿನ ಹಾಡು ಕಿವಿಗೆ ಕೇಳ್ತು ತಾನೇ?

ಹೆಡ್‌ಫೋನ್‌ಗೆ ಮಾತ್ರ ಜುಗ್ಗತನ ಮಾಡ್ಬೇಡಿ. ಹೊರಗಿನ ಸದ್ದು ತಡೆಯೋ ಹಾಗೆ ಕಿವಿಗೆ ಒತ್ತಿ ಕೂರೋದು, ವೈರ್ ಇರೋದು, ಒಂದು ಕಡೆ ತಿರುಗಿಸಿ ಕಿವಿಯಿಂದ ಸರಿಸೋಕೆ ಬರೋದು. ಸೆನ್‌ಹೈಸರ್ ಎಚ್‌ಡಿ 25 ಅಂತ 1988ರಿಂದ ಇದೆ, ಇವತ್ತಿಗೂ ಬೂತ್‌ಗಳಲ್ಲಿ ಕಾಣುತ್ತೆ. ಬ್ಲೂಟೂತ್ ಬೇಡ. ನಮ್ಮ ಹುಡುಗ ಒಬ್ಬ ತುಮಕೂರು ಕಡೆ ಒಂದು ನಿಶ್ಚಿತಾರ್ಥಕ್ಕೆ ಚೆನ್ನಾಗಿರೋ ಬ್ಲೂಟೂತ್ ಹೆಡ್‌ಫೋನ್ ಹಾಕ್ಕೊಂಡು ನಿಂತಿದ್ದ, ಕಿವೀಲಿ ಎರಡೂ ಬಡಿತ ಒಂದೇ ಅನ್ನೋ ಹಾಗೆ ಕೂತಿದೆ, ಫೇಡರ್ ಎತ್ತಿದ್ರೆ ಹಾಲ್‌ನಲ್ಲಿ ಕುದುರೆ ಓಡಿದ ಹಾಗೆ ಟಕಟಕ ಟಕಟಕ, ಹುಡುಗಿಯ ಸೋದರಮಾವ ಬಂದು "ಏನಪ್ಪಾ ಸೆಟ್ ಕೆಟ್ಟೋಯ್ತಾ" ಅಂತ ಕೇಳಿದ್ರಂತೆ. ಯಾಕೆ ಹೀಗಾಗುತ್ತೆ ಅಂದ್ರೆ, ಬ್ಲೂಟೂತ್‌ನಲ್ಲಿ ಶಬ್ದ 200 ಮಿಲಿಸೆಕೆಂಡ್ ತಡವಾಗಿ ಬರೋದು ಮಾಮೂಲು. 120 ಬಿಪಿಎಂ, ಅಂದ್ರೆ ನಿಮಿಷಕ್ಕೆ 120 ಬಡಿತ ಇರೋ ಹಾಡಿನಲ್ಲಿ ಬಡಿತದಿಂದ ಬಡಿತಕ್ಕೆ ಇರೋದೇ 500 ಮಿಲಿಸೆಕೆಂಡು. ಹೆಚ್ಚುಕಮ್ಮಿ ಅರ್ಧ ಬಡಿತ ಹಿಂದೆ ಇರೋ ಹಾಡನ್ನ ಸ್ಪೀಕರ್‌ನಲ್ಲಿ ಬರ್ತಿರೋ ಹಾಡಿಗೆ ಹೊಂದಿಸಿದ್ರೆ ಇನ್ನೇನಾಗುತ್ತೆ.

ಸಿಂಕ್ ಬಟನ್ ವಿಷಯ, ಒತ್ತಿದ್ರೆ ಎರಡು ಹಾಡಿನ ಬಡಿತ ತಾನೇ ಹೊಂದಿಸುತ್ತಲ್ಲ ಅದು. ಇದಕ್ಕೆ ಜಗಳ ಆಗುತ್ತೆ ಅಂತ ಗೊತ್ತು. ಸಿಂಕ್ ಒತ್ತಬಾರದು, ಒತ್ತೋರು ಡಿಜೆನೇ ಅಲ್ಲ ಅನ್ನೋ ಮಡಿವಂತರ ಗುಂಪಲ್ಲಿ ನಾನಿಲ್ಲ. ಆದ್ರೆ ನೀವು ಹಾಕೋ ಹಾಡು ಯಾವುದು? 1970ರ ದಶಕದ ಕನ್ನಡ ಚಿತ್ರಗೀತೆ ತಗೊಳಿ. ತಬಲಾ, ಢೋಲಕ್, ಪಿಟೀಲು ಎಲ್ಲಾ ಒಟ್ಟಿಗೆ ಕೂತು ನುಡಿಸಿದ್ದು, ಕಂಪ್ಯೂಟರ್ ಎಣಿಕೆ ಇಲ್ಲ. ಪಲ್ಲವಿಯಲ್ಲಿ 98 ಇದ್ರೆ ಚರಣಕ್ಕೆ ಬರೋಷ್ಟರಲ್ಲಿ 101 ಆಗಿರುತ್ತೆ, ಅದು ತಪ್ಪಲ್ಲ, ಆ ಹಾಡಿನ ಉಸಿರೇ ಅದು. ಸಾಫ್ಟ್‌ವೇರ್ ಅದರ ಮೇಲೆ ಸ್ಕೇಲ್ ಇಟ್ಟ ಹಾಗೆ ಗ್ರಿಡ್ ಎಳೆದಿರುತ್ತೆ, ಸಿಂಕ್ ನಂಬೋದು ಆ ಗ್ರಿಡ್ಡನ್ನ. ಡೈನಮಿಕ್ ಅಂತ ಆಪ್ಷನ್ ಇದೆ, ಗ್ರಿಡ್ಡನ್ನೂ ಹಾಡಿನ ಜತೆ ಬಗ್ಗಿಸುತ್ತೆ, ಅರ್ಧಂಬರ್ಧ ಕೆಲಸ ಮಾಡುತ್ತೆ. ನಮ್ಮ ತಮಟೆ ಪೆಟ್ಟು ಇನ್ನೂ ಮಜಾ, ಮೂರು ಮೂರರ ಲೆಕ್ಕದಲ್ಲಿ ಹೋಗುತ್ತೆ, ಸಾಫ್ಟ್‌ವೇರ್ ನಾಲ್ಕರ ಲೆಕ್ಕ ಹುಡುಕುತ್ತೆ, ಒಂದೂವರೆ ಪಟ್ಟು ತಪ್ಪಾಗಿ ಎಣಿಸಿ 90 ಇರೋದನ್ನ 135 ಅಂತ ತೋರಿಸೋದುಂಟು. ಅದನ್ನ ನಂಬ್ಕೊಂಡು ಹೌಸ್ ಅನ್ನೋ ಥರದ ಡಾನ್ಸ್ ಹಾಡಿಗೆ ಸಿಂಕ್ ಒತ್ತಿದ್ರೆ ದೇವರೇ ಗತಿ. ಅಲ್ಲಿ ನಿಮ್ಮನ್ನ ಕಾಪಾಡೋದು ಕಿವಿ ಒಂದೇ, ಕಿವಿಗೆ ಕೆಲಸ ಮಾಡೋಕೆ ಏನು ಬೇಕು ಅಂತ ಆಗಲೇ ಹೇಳಿದೀನಿ.

ಕೈಯಲ್ಲಿ ಹೊಂದಿಸೋದು ಹೇಗೆ ಅಂದ್ರೆ, ಒಂದು ಕಿವಿ ಹೆಡ್‌ಫೋನ್‌ಗೆ, ಇನ್ನೊಂದು ಹಾಲ್‌ಗೆ. ಬಡಿತ ಬಂದಾಗ ಪ್ಲೇ ಒತ್ತಿ. ಜಾಗ್ ವೀಲ್, ಅಂದ್ರೆ ಕಂಟ್ರೋಲರ್ ಮೇಲಿನ ದುಂಡು ಚಕ್ರ, ಅದರ ಅಂಚನ್ನ ಬೆರಳಲ್ಲಿ ಸ್ವಲ್ಪ ತಳ್ಳಿ, ಸರಿ ಹೋಯ್ತಾ, ಮತ್ತೆ ಹಿಂದೆ ಬೀಳ್ತಿದ್ಯಾ, ಹಾಗಿದ್ರೆ ಸ್ಪೀಡ್ ಕಮ್ಮಿ ಇದೆ, ಪಿಚ್ ಫೇಡರ್ ಕೂದಲೆಳೆಯಷ್ಟು ಸರಿಸಿ. 120 ಮತ್ತು 120.1, ಬರೀ ಪಾಯಿಂಟ್ ಒಂದು ವ್ಯತ್ಯಾಸ ಇದ್ರೂ ಒಂದು ನಿಮಿಷಕ್ಕೆ 50 ಮಿಲಿಸೆಕೆಂಡ್ ಜಾರುತ್ತೆ, ಅಷ್ಟಕ್ಕೇ ಎರಡು ಡ್ರಮ್ಮು ಒಡೆದು ಕೇಳುತ್ತೆ. ಅದಕ್ಕೇ ಮಿಕ್ಸ್ ನಡೀತಿರೋವಾಗ ಕೈ ವೀಲ್ ಬಿಡಬಾರದು, ಮೇಲೆತ್ತಿ ಕುಣಿಯೋಕೆ ಆಮೇಲೆ ಬೇಕಾದಷ್ಟು ಟೈಮಿದೆ.

ಟೆಕ್ನಿಕ್ಸ್ ಎಸ್‌ಎಲ್-1200 ಅನ್ನೋ ಟರ್ನ್‌ಟೇಬಲ್ ಬಗ್ಗೆ, ವಿನೈಲ್ ರೆಕಾರ್ಡ್ ಬಗ್ಗೆ ಹೇಳ್ಬೇಕು ಅಂತ ಬರ್ಕೊಂಡು ಬಂದಿದ್ದೆ... ಚೀಟಿ ಬಂತು, ಹತ್ತು ನಿಮಿಷ ಅಂತೆ. ಐದಾ? ಐದು. ಸರಿ, ಒಂದೇ ಮಾತು. 1972ರಲ್ಲಿ ಅದು ಬಂದಿದ್ದು ಮನೇಲಿ ಕೂತು ಹಾಡು ಕೇಳೋರಿಗೆ ಅಂತ. ಬೆಲ್ಟ್ ಇಲ್ಲದೆ ಮೋಟಾರೇ ತಟ್ಟೆ ತಿರುಗಿಸೋದು, ಅದಕ್ಕೆ ಹಿಡಿದು ಬಿಟ್ಟ ತಕ್ಷಣ ಸ್ಪೀಡ್ ಹಿಡಿಯುತ್ತೆ, ಡಿಜೆಗಳು ಕಿತ್ಕೊಂಡ್ರು. 2010ರಲ್ಲಿ ನಿಲ್ಲಿಸಿದ್ರು, 2016ರಲ್ಲಿ ವಾಪಸ್ ತಂದ್ರು. ಚಂದ ಇದೆ, ದುಬಾರಿ, ಮೊದಲನೇದಾಗಿ ತಗೊಬೇಡಿ.

ಬೇಸ್ ಬಗ್ಗೆ. ಎರಡು ಹಾಡಿನ ಬೇಸ್ ಒಟ್ಟಿಗೆ ಬಿಡಬೇಡಿ, ಗುಡುಗುಡು ಅಂತ ಕೆಸರಾಗುತ್ತೆ. ಹೊಸ ಹಾಡಿನ ಲೋ ನಾಬ್ ಪೂರ್ತಿ ಎಡಕ್ಕೆ ತಿರುಗಿಸಿಟ್ಟು ಒಳಗೆ ತನ್ನಿ, ಮುಖ್ಯವಾಗಿ ಡಾನ್ಸ್ ಮ್ಯೂಸಿಕ್‌ನಲ್ಲಿ 32 ಬಡಿತಕ್ಕೊಂದ್ಸಲ ಏನಾದ್ರೂ ಬದಲಾಗುತ್ತೆ, ಆ ತಿರುವಿನಲ್ಲಿ ಎರಡೂ ಕೈಯಲ್ಲಿ ಎರಡು ನಾಬ್ ಹಿಡಿದು ಅದನ್ನ ಇಳಿಸಿ ಇದನ್ನ ಏರಿಸಿ. ಮೀಟರ್ ಕೆಂಪಿಗೆ ಹೋಗ್ಬಾರದು. ಸೌಂಡ್ ಸಾಲದು ಅಂದ್ರೆ ಆಂಪ್ ಕಡೆ ಏರಿಸಿ, ಇಲ್ಲಿ ಅಲ್ಲ.

ಸ್ಪೀಕರ್‌ನಲ್ಲಿ ಜೊಂಯ್ ಅಂತ ಬಂದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ನಿಂತ್ರೆ ಅರ್ತಿಂಗ್ ಸಮಸ್ಯೆ, ಕಂಟ್ರೋಲರ್ ಕೆಟ್ಟಿಲ್ಲ, ಯಾರೂ ರಿಪೇರಿಗೆ ಕೊಟ್ಟು ದುಡ್ಡು ಕಳ್ಕೊಬೇಡಿ, ಎಲ್ಲಾ ಒಂದೇ ಅರ್ತ್ ಇರೋ ಬೋರ್ಡ್‌ಗೆ ಹಾಕಿ, ಮೂರು ಪಿನ್ನಿನದಕ್ಕೆ ಎರಡು ಪಿನ್ ಅಡಾಪ್ಟರ್ ಸಿಗಿಸಬೇಡಿ. ಬೇರೆಯವರ ಸಿಡಿಜೆಗೆ, ಅಂದ್ರೆ ಲ್ಯಾಪ್‌ಟಾಪ್ ಇಲ್ಲದೆ ಓಡೋ ಡಿಜೆ ಪ್ಲೇಯರ್‌ಗೆ, ಪೆನ್‌ಡ್ರೈವ್ ತಗೊಂಡ್ ಹೋಗೋದಾದ್ರೆ ಫ್ಯಾಟ್32 ಫಾರ್ಮ್ಯಾಟ್ ಮಾಡಿ, ಒಂದಲ್ಲ ಎರಡು ಇಟ್ಕೊಳಿ.

ಕಿವಿ ಜೋಪಾನ. 85 ಡೆಸಿಬಲ್‌ಗೆ ಎಂಟು ಗಂಟೆ, ಪ್ರತಿ 3 ಡೆಸಿಬಲ್‌ಗೂ ಟೈಮ್ ಅರ್ಧ ಅಂತ ಕೆಲಸಗಾರರ ಆರೋಗ್ಯ ನೋಡ್ಕೊಳೋ ಅಮೆರಿಕದ ನಯಾಶ್ ಸಂಸ್ಥೆಯ ಲೆಕ್ಕ, ಆ ಪ್ರಕಾರ 100ಕ್ಕೆ ಬರೀ 15 ನಿಮಿಷ. ಮನೆ ಅಕ್ಕಪಕ್ಕದೋರಿಗೂ ಕಿವಿ ಇದೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ ಅಂತ 2000ನೇ ಇಸವಿಯ ನಿಯಮ ಇದೆ, ಹಬ್ಬದಲ್ಲಿ ಪೊಲೀಸ್ನೋರು ಬಂದಾಗ ನನ್ನ ನಂಬರ್ ಕೊಡ್ಬೇಡಿ.

ಕೀ ಮಿಕ್ಸಿಂಗು, ಲೂಪು, ರೆಕಾರ್ಡಿಂಗು ಎಲ್ಲಾ ಉಳ್ಕೊಂಡ್ತು, ಇನ್ನೊಂದ್ಸಲ ಕರೀರಿ. ಹೊರಗೆ ಕಾಫಿ ಪಕ್ಕದ ಟೇಬಲ್ ಮೇಲೆ ನನ್ನ ಕಂಟ್ರೋಲರ್ ಇಟ್ಟಿದೀನಿ, ಯಾರು ಬೇಕಾದ್ರೂ ಕೈ ಆಡಿಸಬಹುದು, ಎರಡು ಹಳೇ ಹಾಡು ಲೋಡ್ ಆಗಿದೆ. ಸಿಂಕ್ ಬಟನ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದೀನಿ, ದಯವಿಟ್ಟು ಕೀಳ್ಬೇಡಿ.