ಮೂರು ಸ್ಟ್ರಿಪ್, ಒಂದೇ ಔಷಧಿ

ಎಲ್ಲರಿಗೂ ನಮಸ್ಕಾರ. ಔಷಧಿ ಅಂಗಡಿಯಲ್ಲಿ ನಿಂತು ದಿನಾ ನೋಡುವ ಒಂದು ವಿಷಯ ಹೇಳಬೇಕು ಅಂತ ಬಂದಿದ್ದೇನೆ. ಜ್ವರಕ್ಕೆ ಡೋಲೋ 650, ನೆಗಡಿಗೆ ಒಂದು, ಸೊಂಟನೋವಿಗೆ ಇನ್ನೊಂದು, ಹೀಗೆ ಮೂರು ಬಣ್ಣದ ಸ್ಟ್ರಿಪ್ ಒಟ್ಟಿಗೆ ಕೇಳುತ್ತಾರೆ. ಹಿಂದಿನ ಸಣ್ಣ ಅಕ್ಷರ ಓದಿದರೆ ಎಷ್ಟೋ ಸಲ ಮೂರರಲ್ಲೂ ಪ್ಯಾರಸಿಟಮಾಲ್ ಇರುತ್ತದೆ!

ಲೆಕ್ಕ ಹಾಕೋಣ. 650ರ ಮಾತ್ರೆ ನಾಲ್ಕು ಹೊತ್ತು, 2600 ಮಿಲಿಗ್ರಾಂ. ನೆಗಡಿ ಮಾತ್ರೆಯಲ್ಲಿ 500, ಮೂರು ಹೊತ್ತಿಗೆ 1500. ನೋವಿನ ಮಾತ್ರೆಯಲ್ಲಿ 325, ಎರಡು ಹೊತ್ತಿಗೆ 650. ಒಟ್ಟು 4750. ಆರೋಗ್ಯವಾಗಿರುವ ದೊಡ್ಡವರಿಗೆ 24 ಗಂಟೆಗೆ ಮೇಲಿನ ಮಿತಿಯೇ 4000. ದಿನಾ ಕುಡಿಯುವವರು, ತೀರಾ ಸಣಕಲು ಇರುವವರು, ಲಿವರ್ ತೊಂದರೆ ಇರುವವರು ಅಷ್ಟನ್ನೂ ತೆಗೆದುಕೊಳ್ಳಬಾರದು, ಡಾಕ್ಟರನ್ನು ಕೇಳಲೇಬೇಕು.

ಈ ಔಷಧಿಯ ಬಹುಪಾಲನ್ನು ಲಿವರ್ ಸಲೀಸಾಗಿ ಹೊರಗೆ ಕಳಿಸುತ್ತದೆ, ಸ್ವಲ್ಪ ಭಾಗ ಮಾತ್ರ ವಿಷವಾಗಿ ಬದಲಾಗುತ್ತದೆ, ಅದನ್ನು ತಡೆಯಲು ಲಿವರಿನಲ್ಲಿ ಗ್ಲುಟಾಥಯೋನ್ ಅನ್ನುವ ವಸ್ತು ಇದೆ. ಆ ದಾಸ್ತಾನು ಮುಗಿದರೆ ವಿಷ ಲಿವರಿನ ಜೀವಕೋಶಗಳನ್ನೇ ಕೊಲ್ಲುತ್ತದೆ. ಹೊಟ್ಟೆಗೆ ಏನೂ ಹಾಕದಿದ್ದರೆ ದಾಸ್ತಾನು ಇನ್ನೂ ಇಳಿಯುತ್ತದೆ. ಜ್ವರ ಬಂದಾಗ ನಾವು ಮಾಡುವುದು ಅದನ್ನೇ ಅಲ್ವಾ, ಊಟ ಬಿಟ್ಟು ಬರೀ ಮಾತ್ರೆ ನುಂಗುವುದು.

ಅಮೆರಿಕದಲ್ಲಿ ಲಿವರ್ ಹಠಾತ್ತನೆ ಕೈಕೊಡುವುದಕ್ಕೆ ಪ್ಯಾರಸಿಟಮಾಲ್ ಜಾಸ್ತಿ ಆಗುವುದೇ ಮೊದಲ ಕಾರಣ, ಅದರಲ್ಲಿ ಸುಮಾರು ಅರ್ಧ ಜನ ಗೊತ್ತಿಲ್ಲದೆ ಜಾಸ್ತಿ ತೆಗೆದುಕೊಂಡವರು. ಅಲ್ಲಿ ಪ್ಯಾರಸಿಟಮಾಲ್‌ಗೆ ಅಸೆಟಮಿನೋಫೆನ್ ಅಂತ ಹೆಸರು. ಮಕ್ಕಳ ಮನೆಗೆ ಹೋಗುವ ಅಪ್ಪ-ಅಮ್ಮ ಇಲ್ಲಿಂದ ಒಯ್ದ ಡೋಲೋ ಜೊತೆ ಅಲ್ಲಿನ ಟೈಲೆನಾಲ್ ನುಂಗಿದರೆ ಅದನ್ನೇ ಎರಡು ಸಲ ನುಂಗಿದ ಹಾಗೆ.

ಮಕ್ಕಳ ವಿಷಯದಲ್ಲಂತೂ ನನಗೆ ತುಂಬಾ ಭಯ. ಹಸುಗೂಸಿನ ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ, ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 250. ಸಿರಪ್ ಅಂದುಕೊಂಡು ಡ್ರಾಪ್ಸನ್ನು 5 ಎಂಎಲ್ ಚಮಚದಲ್ಲಿ ಕುಡಿಸಿದರೆ ಕೂಸಿಗೆ ಒಂದೇ ಸಲಕ್ಕೆ 500 ಹೋಗುತ್ತದೆ.

ಹಾಗಂತ ಇದು ಕೆಟ್ಟ ಔಷಧಿ ಅಂತ ಹೇಳುತ್ತಿಲ್ಲ. ಡೆಂಗಿ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಬೇಡ ಅಂತ ಡಾಕ್ಟರು ಕೊಡುವುದು ಇದನ್ನೇ, ಅಳತೆ ನೋಡಿ ಕೊಡುತ್ತಾರೆ ಅಷ್ಟೆ.

ಜಾಸ್ತಿ ಆಗಿದೆ ಅಂತ ಅನುಮಾನ ಬಂದರೆ ಕಾಯಬೇಡಿ. ಮೊದಲ ದಿನ ಸ್ವಲ್ಪ ವಾಂತಿ ಆಗಬಹುದು, ಏನೂ ಆಗದೆಯೂ ಇರಬಹುದು, ಜನ ಮೋಸಹೋಗುವುದು ಅಲ್ಲೇ. ಕಣ್ಣು ಹಳದಿಯಾಗುವ ಹೊತ್ತಿಗೆ ಎರಡು-ಮೂರು ದಿನ ಕಳೆದಿರುತ್ತದೆ. ಅಸಿಟೈಲ್‌ಸಿಸ್ಟೀನ್ ಅನ್ನುವ ಮದ್ದು ಇದೆ, ಮಾತ್ರೆ ನುಂಗಿದ 8 ಗಂಟೆಯೊಳಗೆ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಹೋಗಿ. ಹೋಗುವಾಗ ಖಾಲಿ ಸ್ಟ್ರಿಪ್ ಸಮೇತ ಎಲ್ಲವನ್ನೂ ಚೀಲಕ್ಕೆ ಹಾಕಿಕೊಳ್ಳಿ, ಯಾವ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.